ಸೇವಂತಿಗೆ ತೋಟದ ದೀಪ ಆರಿಸಿದವಳು

"ಮೈನ್ ಆಫ್ ಮಾಡಿದ್ದು ಯಾರ್ರೀ?"

ಟಾರ್ಚಿನ ಬೆಳಕು ನೇರವಾಗಿ ಮುಖಕ್ಕೆ ಬಿತ್ತು. ಜ್ಯೋತಿಲಕ್ಷ್ಮಿ ಕಣ್ಣು ಮುಚ್ಚಿಕೊಂಡಳೇ ಹೊರತು ಸ್ವಿಚ್ಚಿನ ಮೇಲಿದ್ದ ಕೈ ತೆಗೆಯಲಿಲ್ಲ.

"ನಾನೇ. ಮೊದ್ಲು ಆ ಟಾರ್ಚ್ ಇಳಿಸಿ. ಕತ್ತಲೆಗೆ ಕಣ್ಣು ಹೊಂದ್ಕೊಳ್ಳೋಕೆ ಅರ್ಧ ಗಂಟೆ ಬೇಕು. ಒಂದೇ ಕ್ಷಣದಲ್ಲಿ ಹಾಳು ಮಾಡ್ಬಿಟ್ರಿ."

ಬೀರೇಶ್ ತಬ್ಬಿಬ್ಬಾದ. ತನ್ನ ತೋಟಕ್ಕೆ ನುಗ್ಗಿ, ತನ್ನ ದೀಪ ಆರಿಸಿ, ತನಗೇ ಬೈಯುತ್ತಿದ್ದಾಳಲ್ಲ ಈ ಹುಡುಗಿ!

ಅವನು ಮುದ್ದೇನಹಳ್ಳಿಯವನು. ಎರಡು ಸಾವಿರದ ಎಂಟರ ಆ ಚಳಿಗಾಲಕ್ಕೆಂದು ಅಂಬಾಜಿದುರ್ಗದ ಕೆಳಗಿನ ಈ ಊರಲ್ಲಿ ಜಮೀನು ಗುತ್ತಿಗೆ ಹಿಡಿದು ಸೇವಂತಿಗೆ ಹಾಕಿದ್ದ. ಸಾಲು ಸಾಲಿಗೂ ಬಲ್ಬು ಕಟ್ಟಿದ್ದ. ನಡುರಾತ್ರಿಯ ಹೊತ್ತಿಗೆ ತೋಟ ಮದುವೆ ಮನೆಯಂತೆ ಹೊಳೆಯುತ್ತಿತ್ತು. ಅದರ ಬದುವಿಗೇ ಅಂಟಿಕೊಂಡಿದ್ದ ಮನೆ ಚೆನ್ನರಾಯಪ್ಪನವರದು. ಅವರ ಮಗಳೇ ಇವಳು. ಚಿಂತಾಮಣಿಯ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್.

"ನೋಡಿ ಮೇಡಂ, ಇದು ಷೋಕಿಗೆ ಹಾಕಿರೋ ದೀಪ ಅಲ್ಲ. ಚಳಿಗಾಲದಲ್ಲಿ ರಾತ್ರಿ ಉದ್ದ. ಅಷ್ಟುದ್ದ ರಾತ್ರಿ ಸಿಕ್ಕಿದ್ರೆ ಗಿಡ ಗೇಣುದ್ದ ಇರೋವಾಗ್ಲೇ ಮೊಗ್ಗು ಕಟ್ಟುತ್ತೆ. ಅದಕ್ಕೇ ಇನ್ನೂ ಹಗಲಿದೆ ಅಂತ ಗಿಡಕ್ಕೆ ಸುಳ್ಳು ಹೇಳ್ತೀವಿ."

"ನಿಮ್ಮ ಗಿಡಕ್ಕೆ ಸುಳ್ಳು ಹೇಳೋಕೆ ನನ್ನ ಆಕಾಶ ಯಾಕೆ ತಗೋತೀರಿ?"

ಅವನಿಗೆ ನಗು ಬಂತು. ತಡೆದುಕೊಂಡ.

"ಹೆಸರೇನು ತಮ್ಮದು?"

"ಜ್ಯೋತಿಲಕ್ಷ್ಮಿ."

"ಹೆಸರು ಜ್ಯೋತಿ. ಕೇಳೋದು ಕತ್ತಲೆ. ಚೆನ್ನಾಗಿದೆ ಕಣ್ರೀ."

ಅವಳು ನಗಲಿಲ್ಲ. ಮಹಡಿಯ ಮೇಲೆ ಕ್ಯಾಮೆರಾ ಕಾಯುತ್ತಿತ್ತು. ಮೃಗಶಿರದ ಪಕ್ಕದಲ್ಲಿ ಒಂದು ನೀಹಾರಿಕೆಯಿದೆ, ಧೂಳು ಮತ್ತು ಅನಿಲದ ದೊಡ್ಡ ಮೋಡ, ಗುಲಾಬಿಯಂಥ ಆಕಾರ. ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ಫೋಟೋದಲ್ಲಿ ಕಂಡರೂ ಕಂಡಂತಲ್ಲ. ಹತ್ತಾರು ರಾತ್ರಿಯ ನೂರಾರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ, ಆಗ ಮೆಲ್ಲಗೆ ಎದ್ದು ಬರುತ್ತದೆ. ಹೋದ ವರ್ಷ ಮೋಡ ಕೈಕೊಟ್ಟಿತ್ತು. ಈ ವರ್ಷ ಈ ಬಲ್ಬುಗಳು. ಬರುವ ವರ್ಷ? ಅಪ್ಪ ಗಂಡು ಹುಡುಕುತ್ತಿದ್ದರು. ಮದುವೆಯಾಗಿ ಹೋದ ಮನೆಯಲ್ಲಿ ರಾತ್ರಿಯಿಡೀ ಮಹಡಿ ಮೇಲೆ ಕೂರಲು ಸೊಸೆಯನ್ನು ಯಾರು ಬಿಡುತ್ತಾರೆ?

ಇದನ್ನೆಲ್ಲ ಅವಳು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಮದುವೆಯ ಮಾತೊಂದನ್ನು ಬಿಟ್ಟು.

ಬೀರೇಶ್ ತಲೆಯೆತ್ತಿ ನೋಡಿದ. "ಆಕಾಶದಲ್ಲೂ ಹೂವಿನ ಬೆಳೇನಾ? ಅಲ್ಲಿ ರೇಟು ಹೆಂಗೆ?"

"ತಮಾಷೆ ಬೇಡ."

"ತಮಾಷೆ ಅಲ್ಲ ಕಣ್ರೀ. ಒಂದ್ಕೆಲಸ ಮಾಡಣ. ನಡುರಾತ್ರಿ ಬದಲು ಮುಸ್ಸಂಜೆಯಿಂದ್ಲೇ ದೀಪ ಹಾಕ್ತೀನಿ, ಹನ್ನೆರಡಕ್ಕೆ ಆರಿಸ್ತೀನಿ. ಆಮೇಲಿನ ಕತ್ತಲೆ ನಿಮ್ಮದು. ಗಿಡ ಒಪ್ಕೊಂಡ್ರೆ ಸರಿ, ಇಲ್ದಿದ್ರೆ ನನ್ನ ಹಣೆಬರಹ."

ಗಿಡ ಒಪ್ಪಿಕೊಂಡಿತು. ಊರು ಒಪ್ಪಲಿಲ್ಲ.

* * *

ರಾತ್ರಿ ಹನ್ನೆರಡಾಯಿತೆಂದರೆ ಅವಳು ಮೆಟ್ಟಿಲು ಹತ್ತುತ್ತಿದ್ದಳು, ಕೆಳಗೆ ತೋಟ ಕಪ್ಪಾಗುತ್ತಿತ್ತು. ಎರಡು ಹಲಗೆಗೆ ಕೀಲು ಹಾಕಿಸಿ, ನಡುವೆ ಬೋಲ್ಟು ಕೂರಿಸಿ, ಮೇಲೆ ಕ್ಯಾಮೆರಾ ಬಿಗಿದಿದ್ದಳು. ನಕ್ಷತ್ರಗಳು ಜರುಗಿದಂತೆ ಬೋಲ್ಟನ್ನು ನಿಮಿಷಕ್ಕೊಂದು ಸುತ್ತು ಕೈಯಲ್ಲೇ ತಿರುಗಿಸುತ್ತಾ ಹೋಗಬೇಕು. ಬೆರಳು ಮರಗಟ್ಟುತ್ತಿತ್ತು. ಆದರೂ ಏನೋ ಸುಖ. ಕೆಳಗಿನ ಕತ್ತಲೆಯಲ್ಲಿ ಒಬ್ಬ ತನಗೋಸ್ಕರ ಎಚ್ಚರವಾಗಿದ್ದಾನೆ ಎಂಬ ಸುಖವೂ ಅದರಲ್ಲಿ ಸೇರಿತ್ತೇ? ಅವಳು ಆ ಪ್ರಶ್ನೆಯನ್ನು ಅತ್ತ ತಳ್ಳುತ್ತಿದ್ದಳು... ಅದು ಮತ್ತೆ ಬರುತ್ತಿತ್ತು.

ಒಂದು ಬೆಳಿಗ್ಗೆ ಹಾಲಿನ ಡೈರಿಯ ಸಾಲಿನಲ್ಲಿ ಪಕ್ಕದ ಮನೆಯ ಅನಸೂಯಮ್ಮ ಚೆನ್ನರಾಯಪ್ಪನವರಿಗೆ ಕೇಳಿಸುವ ಹಾಗೇ ಹೇಳಿದಳು.

"ಹುಡುಗಿ ಮೇಲೆ ಹತ್ತೋದಕ್ಕೂ ಆ ಹುಡುಗನ ದೀಪ ಆರೋದಕ್ಕೂ ಏನ್ ಸರಿಹೋಗುತ್ತಮ್ಮ. ನಮ್ಮ ಕಾಲದಲ್ಲಿ ಸನ್ನೆ ಮಾಡೋಕೆ ಇಷ್ಟು ಕರೆಂಟು ಇರ್ಲಿಲ್ಲ."

ಸಾಲಿಗೆ ಸಾಲೇ ನಕ್ಕಿತು. ಚೆನ್ನರಾಯಪ್ಪ ಹಾಲು ಹಾಕದೆ ಕ್ಯಾನು ಹಿಡಿದು ವಾಪಸು ಬಂದರು.

ಆ ರಾತ್ರಿ ಹನ್ನೆರಡಾದರೂ ದೀಪ ಆರಲಿಲ್ಲ. ಒಂದು ಗಂಟೆಯಾದರೂ ಇಲ್ಲ. ಮಂಜಿಗೆ ಬೆಳಕು ಹರಡಿ, ತೆಗೆದ ಫೋಟೋಗಳೆಲ್ಲ ಕಿತ್ತಳೆ ಬಣ್ಣದ ಕೊಳೆಯಂತೆ ಬಂದವು. ಮರುದಿನವೂ ಹಾಗೇ. ಅವಳು ಅವನಿಗೆ ಫೋನ್ ಮಾಡಿದಳು.

"ಏನಾಯ್ತು ಬೀರೇಶ್?"

"ಆಗಲ್ಲ ಕಣ್ರೀ. ಮೊಗ್ಗು ಬರೋ ಹಂಗಿದೆ." ಅಷ್ಟೇ. ಫೋನ್ ಇಟ್ಟುಬಿಟ್ಟ.

ಎಷ್ಟು ಸುಲಭವಾಗಿ ಮಾತು ತಪ್ಪಿದ... ಕತ್ತಲೆ ನಿಮ್ಮದು ಅಂದಿದ್ದನಲ್ಲ! ಅವಳು ಹಲಗೆಯ ಬೋಲ್ಟು ಬಿಚ್ಚುತ್ತಾ ಕೂತಳು. ಅಜ್ಜಿ ಕದಿರಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಏಮೇ, ಬಿಚ್ಚಿ ಕಟ್ಟಿಡ್ತಿದೀಯಾ?"

"ಅವನು ಮಾತು ತಪ್ಪಿದ ಅಜ್ಜಿ."

"ಅವನೆಲ್ಲಿ ತಪ್ಪಿದ ನನ್ನಮ್ಮ. ನಿಮ್ಮಪ್ಪ ಹೋಗಿ, ನನ್ನ ಮಗಳ ಹೆಸರು ಕೆಡುತ್ತೆ, ದೀಪ ಉರಿಯಲಿ ಅಂತ ಕೈ ಮುಗಿದ. ಆ ಹುಡುಗನ ಮುಖ ಬಿಳಿಚಿಕೊಂಡಿತಂತೆ. ನಿಂಗೆ ಹೇಳ್ಬೇಡ ಅಂತಾನೂ ನಿಮ್ಮಪ್ಪನೇ ಮಾತು ತಗೊಂಡಿದ್ದು."

ಜ್ಯೋತಿಯ ಕೈ ನಿಂತಿತು. ಕಣ್ಣು ತುಂಬಿತು, ಅದರ ಹಿಂದೆಯೇ ಸಿಟ್ಟು ಬಂತು. ನನ್ನ ಹೆಸರು, ನನ್ನ ಆಕಾಶ. ಇವರಿಬ್ಬರೇ ಕೂತು ತೀರ್ಮಾನ ಮಾಡಿದ್ದಾರೆ. ನನ್ನನ್ನು ಒಂದು ಮಾತು ಕೇಳಿದ್ದಾರಾ?

ಬಿಚ್ಚಿದ ಬೋಲ್ಟನ್ನು ಮತ್ತೆ ಬಿಗಿದಳು.

* * *

ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದವಳು ಅವಳೇ. ಅಪ್ಪ ಬೇಡವೆನ್ನುತ್ತಲೇ ಹಿಂದೆ ಬಂದರು. ಸಾಲಿನಲ್ಲಿ ಅನಸೂಯಮ್ಮನಿದ್ದಳು. ಕಾಫಿಗೆ ಹಾಲು ಕೊಳ್ಳಲು ಬಂದ ಬೀರೇಶನೂ ಇದ್ದ. ಅವಳನ್ನು ನೋಡಿ ತಲೆ ತಗ್ಗಿಸಿದ.

"ಬೀರೇಶ್, ಇವತ್ತು ಹನ್ನೆರಡಕ್ಕೆ ದೀಪ ಆರಿಸಬೇಕು."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಎಲ್ಲಾರೂ ಕೇಳ್ಲಿ ಅಂತಾನೇ ಹೇಳ್ತಿದೀನಿ. ನಾನು ಮಹಡಿ ಹತ್ತೋದು ನೀಹಾರಿಕೆ ಫೋಟೋ ತೆಗೆಯೋಕೆ. ಯಾರಿಗೆ ಅನುಮಾನ ಇದೆಯೋ ಬಂದು ನೋಡ್ಲಿ, ಬಾಗಿಲು ತೆಗೆದಿರುತ್ತೆ. ಕಂಬಳಿ ತರ್ಬೇಕು, ಚಳಿ ಜಾಸ್ತಿ. ಅನಸೂಯಕ್ಕ, ಬರ್ತೀರಾ?"

"ನನಗ್ಯಾಕಮ್ಮ ಆ ರಗಳೆ... ಅಲ್ಲ, ನಾಳೆ ನಿನ್ನನ್ನ ಯಾರು ಮದುವೆ ಆಗ್ತಾರೆ ಅಂತ ಯೋಚಿಸಿದ್ಯಾ?"

"ಆಗೋರು ಕತ್ತಲೆ ಸಹಿಸೋರಾಗಿರ್ಬೇಕು. ಇಲ್ಲಾಂದ್ರೆ ಬೇಡ. ಅಪ್ಪ, ನಿಮಗೂ ಸೇರಿಸೇ ಹೇಳ್ತಿದೀನಿ."

ಚೆನ್ನರಾಯಪ್ಪ ಮಗಳ ಮುಖ ನೋಡಿದರು, ಊರವರ ಮುಖ ನೋಡಿದರು. ಆಮೇಲೆ ಅವಳ ಕೈಯಿಂದ ಕ್ಯಾನು ತೆಗೆದುಕೊಂಡು ಸಾಲಿನಲ್ಲಿ ನಿಂತರು. "ಮುಂದೆ ಜರುಗಮ್ಮ ಅನಸೂಯ," ಎಂದರು, "ಹಾಲು ಹಾಕ್ಬೇಕು."

* * *

ಆ ರಾತ್ರಿ ತೋಟ ಕಪ್ಪಾಯಿತು. ಬೀರೇಶ್ ಮುಂಬಾಗಿಲಿಂದಲೇ ಬಂದ, ಚೆನ್ನರಾಯಪ್ಪನವರಿಗೆ ನಮಸ್ಕಾರ ಹೇಳಿ ಮೆಟ್ಟಿಲು ಹತ್ತಿದ. ಅವರು ಕಂಬಳಿ ಹೊದ್ದು ಮೆಟ್ಟಿಲ ಮೇಲೇ ಕೂತರು.

"ಅಲ್ಲೇ ಕೂತ್ಕೊಳ್ಳಿ. ಕದಲಿದ್ರೆ ತಾರಸಿ ಅಲುಗುತ್ತೆ, ಫೋಟೋದಲ್ಲಿ ಚುಕ್ಕಿ ಗೀರಾಗುತ್ತೆ," ಎಂದು ತಂದಿದ್ದ ಎರಡು ಕಂಬಳಿಗಳಲ್ಲಿ ಒಂದನ್ನು ಬೀರೇಶನಿಗೆ ಕೊಟ್ಟಳು ಜ್ಯೋತಿ. ಶಟರ್ ತೆಗೆದಳು. ಗಡಿಯಾರದ ಮೇಲೆ ಕಣ್ಣಿಟ್ಟು ಬೋಲ್ಟು ತಿರುಗಿಸತೊಡಗಿದಳು. ಇನ್ನು ಫೋಟೋ ಮುಗಿಯುವವರೆಗೆ ಅವಳು ತುಟಿ ಬಿಚ್ಚುವಂತಿಲ್ಲ, ಲೆಕ್ಕ ತಪ್ಪುತ್ತದೆ.

ಅದು ಬೀರೇಶನಿಗೆ ಗೊತ್ತಿತ್ತು. ಅದಕ್ಕೇ ಆಗ ಬಾಯಿ ತೆಗೆದ.

"ನಿಮಗೆ ಸುಳ್ಳು ಹೇಳಿದ್ದು ತಪ್ಪು. ನಿಮ್ಮನ್ನ ಕೇಳದೇ ಒಪ್ಕೊಂಡಿದ್ದು ಇನ್ನೂ ದೊಡ್ಡ ತಪ್ಪು. ಆ ಎರಡು ರಾತ್ರಿ ದೀಪ ಉರೀತಿತ್ತು, ನಂಗೆ ನಿದ್ದೆ ಬರ್ಲಿಲ್ಲ. ಮಹಡಿ ಮೇಲೆ ನೀವಿದ್ದೀರಾ ಅಂತ ನೋಡೋಕೂ ಆಗ್ತಿರ್ಲಿಲ್ಲ, ಬೆಳಕು ಕಣ್ಣಿಗೆ ಹೊಡೀತಿತ್ತು. ನಂಗೆ ನೀವಂದ್ರೆ ಇಷ್ಟ ಕಣ್ರೀ. ಗುತ್ತಿಗೆ ಮುಗಿದ ಮೇಲೂ ಇಲ್ಲೇ ಇರಣ ಅನ್ನಿಸ್ತಿದೆ. ಮದುವೆ ಆದ್ರೂ ನಿಮ್ಮ ರಾತ್ರಿ ನಿಮ್ಮದೇ. ನಾನು ಕೇಳಲ್ಲ, ನಮ್ಮನೆಯೋರು ಕೇಳೋಕೂ ಬಿಡಲ್ಲ."

ಅವಳು ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಸುತ್ತೂ ತಪ್ಪಲಿಲ್ಲ. ಕೆನ್ನೆಯ ಮೇಲೆ ಇಳಿದ ಹನಿಯನ್ನು ಒರೆಸಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ.

ಕ್ಲಿಕ್. ಶಟರ್ ಮುಚ್ಚಿತು.

"ಉತ್ತರ ಹೇಳೋಕೆ ಆಗ್ದೇ ಇರೋ ಹೊತ್ತು ನೋಡ್ಕೊಂಡು ಕೇಳಿದೆ ಅಲ್ವಾ ನೀನು?"

ನೀನು ಅಂದಳು. ಬೀರೇಶ್ ಅದನ್ನು ಕೇಳಿಸಿಕೊಂಡ, ತಾನೂ 'ನೀವು' ಬಿಟ್ಟ.

"ಬೇಡ ಅಂತ ತಕ್ಷಣ ಹೇಳ್ಬಿಡ್ತೀಯೇನೋ ಅಂತ ಭಯ ಆಯ್ತು."

"ಬೇಡ ಅನ್ನೋಳಾಗಿದ್ರೆ ಕಂಬಳಿ ಎರಡು ತರ್ತಿದ್ನಾ?"

ಮೆಟ್ಟಿಲ ಕಡೆಯಿಂದ ಕೆಮ್ಮು ಕೇಳಿಸಿತು. "ನಿಮ್ಮ ಮಾತು ಮುಗಿದ ಮೇಲೆ ನನ್ನನ್ನೂ ಒಂದು ಮಾತು ಕೇಳ್ರಪ್ಪ," ಎಂದರು ಚೆನ್ನರಾಯಪ್ಪ.

"ಬೆಳಿಗ್ಗೆ ಕೇಳ್ತೀವಿ ಅಪ್ಪ. ಇವಾಗ ಮುಂದಿನ ಫೋಟೋ ಶುರು ಮಾಡ್ಬೇಕು."

ಬೀರೇಶ್ ಅವಳ ಪಕ್ಕಕ್ಕೆ ಮೆಲ್ಲಗೆ ಜರುಗಿದ. "ನಿನ್ನ ಬೆರಳು ಮರಗಟ್ಟಿದೆ ಜ್ಯೋತಿ. ಹೆಂಗೆ ತಿರುಗಿಸ್ಬೇಕು ಹೇಳ್ಕೊಡು."

ಅವಳು ಅವನ ಬೆರಳುಗಳನ್ನು ಬೋಲ್ಟಿನ ಮೇಲೆ ಕೂರಿಸಿ, ಮೇಲೆ ತನ್ನ ಕೈಯಿಟ್ಟಳು.

"ನಿಧಾನ," ಎಂದಳು. "ಆಕಾಶಕ್ಕೆ ಅವಸರ ಇಲ್ಲ."

"ನಂಗೂ ಇಲ್ಲ."