ಮರೆಪ್ಪನ ಕೋಪದ ಮೀಟರ್

"ಅಮ್ಮಾ! ಇವನು ನನ್ನ ಡೈಲಾಗ್ ಹೊಡೀತಿದಾನೆ!"

ಶಿವಾನಿ ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿ ಕೂಗಿದಳು. ಪರದೆಯ ಮೇಲೆ ಮರೆಪ್ಪ ಎಂಬ ದಪ್ಪ ಮೀಸೆಯ ಗೊಂಬೆ ಮನುಷ್ಯ. ಡಾಕ್ಟರಿಗಾಗಿ ಕಾದು ಕಾದು ಸಾಕಾಗಿ, ಆಸ್ಪತ್ರೆಯ ಕೌಂಟರ್ ಕುಟ್ಟುತ್ತಿದ್ದ.

"ನೀವು ಯಾವಾಗ್ಲೂ ಹಿಂಗೇ! ನಾನು ಇಲ್ಲಿಂದ ಏಳಲ್ಲ, ಊಟಾನೂ ಮಾಡಲ್ಲ!"

ಆಸ್ಪತ್ರೆಯಲ್ಲಿ ಅವನನ್ನು ಊಟಕ್ಕೆ ಕರೆದವರಾದರೂ ಯಾರು? ಅದು ಶಿವಾನಿ ಮೊನ್ನೆ ಸೋಫಾದ ಮೇಲೆ ಕುಳಿತು ಕಿರುಚಿದ ಮಾತು. ಒಂದಕ್ಷರವೂ ಆಚೀಚೆ ಆಗಿರಲಿಲ್ಲ.

ಅಮ್ಮ ಶೋಭಾರಾಣಿ ವರ್ತೂರಿನ ಮನೆಯಲ್ಲೇ ಕುಳಿತು ಮಾತಿನ ಗೇಮ್ ಬರೆಯುತ್ತಾಳೆ. ಆಸ್ಪತ್ರೆಯ ರಿಸೆಪ್ಷನ್‌ಗೆ ಹೊಸದಾಗಿ ಸೇರಿದವರು ಅದನ್ನು ಆಡಿ, ಸಿಟ್ಟಾದವರ ಜೊತೆ ಮಾತಾಡುವುದನ್ನು ಕಲಿಯಬೇಕು. ಮರೆಪ್ಪ ಬೈದಾಗ ಕೆಳಗೆ ಮೂರು ಉತ್ತರ ಬರುತ್ತವೆ. ಒಳ್ಳೆಯದನ್ನು ಒತ್ತಿದರೆ ಅವನ ಕೋಪದ ಮೀಟರ್ ಇಳಿಯುತ್ತದೆ.

"ಸಿಟ್ಟಿನ ಮಾತೇ ಹೊಳೀತಿರ್ಲಿಲ್ಲ ಕಣೇ," ಅಮ್ಮ ನಾಲಿಗೆ ಕಚ್ಚಿಕೊಂಡಳು. "ಮನೇಲೇ ಸಿಕ್ತಲ್ಲ, ಬರ್ಕೊಂಬಿಟ್ಟೆ."

"ತೆಗಿ ಅದನ್ನ! ನಾನು ಕಿರುಚಿದಾಗ ಭಾಗ್ಯಶ್ರೀ ಇಲ್ಲೇ ಇದ್ಲು. ಅವರಪ್ಪ ನಿಮ್ಮಾಫೀಸಲ್ಲೇ ಅಲ್ವಾ ಇರೋದು? ಸೋಮವಾರ ಈ ಗೇಮ್ ನೋಡಿ ಅವ್ಳಿಗೆ ಹೇಳಿದ್ರೆ, ಇಡೀ ಕ್ಲಾಸ್ ನನ್ನನ್ನ ಮರೆಪ್ಪ ಅಂತ ಕರೆಯುತ್ತೆ!" ಶಿವಾನಿಯ ಕಣ್ಣಲ್ಲಿ ನೀರೇ ಬಂತು.

ಅಮ್ಮನಿಗೆ ಪಾಪ ಅನ್ನಿಸಿತು. "ಆಯ್ತು, ತೆಗೀತೀನಿ. ಆದ್ರೆ ಒಂದು ಹೆಲ್ಪ್ ಮಾಡು. ಮೀಟರ್ ಇನ್ನೂ ಜೋಡಿಸಿಲ್ಲ. ಯಾವ ಉತ್ತರ ಕೇಳಿದ್ರೆ ಇವನ ಸಿಟ್ಟು ಇಳಿಯುತ್ತೆ, ನೀನೇ ಹೇಳು. ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

ಶಿವಾನಿ ಇಲ್ಲದ ಮೀಸೆ ತಿರುವಿ, ಕೈಕಟ್ಟಿ ಮರೆಪ್ಪನಂತೆ ಕುಳಿತಳು. ಅಮ್ಮ ಓದಿದಳು.

"ಐದು ನಿಮಿಷ ಕಾಯಿರಿ."

"ಏರಿತು."

"ದಯವಿಟ್ಟು ಐದು ನಿಮಿಷ ಕಾಯಿರಿ ಸಾರ್."

"ಇನ್ನೂ ಏರಿತು."

"ನಿಮ್ಮ ಬೇಸರ ನಮಗೆ ಅರ್ಥವಾಗುತ್ತೆ ಸಾರ್. ಇನ್ನೈದೇ ನಿಮಿಷ."

"ಢಮಾರ್! ಮೀಟರ್ ಒಡೆದೇ ಹೋಯ್ತು!"

"ಇಷ್ಟು ಮರ್ಯಾದೆ ಕೊಟ್ರೂನಾ?"

"ಮರ್ಯಾದೆ ಯಾರಿಗೆ ಬೇಕು? ಐದು ನಿಮಿಷ ಅನ್ನೋದೇ ಸುಳ್ಳು! ಒಂದು ಗಂಟೆ ಆಗೋದಾದ್ರೆ ಒಂದು ಗಂಟೆ ಅನ್ಬೇಕು. ಅಷ್ಟರಲ್ಲಿ ಅವನು ಆಚೆ ಹೋಗಿ ಆಡ್ಕೊಂಡು ಬರ್ತಾನೆ. ನಿಮ್ಮ ಮಾತು ನಂಬ್ಕೊಂಡು ಶೂ ಹಾಕ್ಕೊಂಡು ಸೋಫಾ ಮೇಲೆ ಕೂತೇ ಇರ್ತಾನಲ್ಲ..."

ಶಿವಾನಿ ತಟ್ಟನೆ ಮಾತು ನಿಲ್ಲಿಸಿದಳು. ಮರೆಪ್ಪನ ಆಸ್ಪತ್ರೆಯಲ್ಲಿ ಸೋಫಾ ಇರಲಿಲ್ಲ.

ಅಮ್ಮ ಕೀಬೋರ್ಡಿನಿಂದ ಕೈ ತೆಗೆದಳು. "ಮೊನ್ನೆ ಐದೇ ನಿಮಿಷದಲ್ಲಿ ಶಟಲ್ ಆಡೋಕೆ ಬರ್ತೀನಿ ಅಂದಿದ್ದೆ, ಅಲ್ವಾ?"

ಶಿವಾನಿ ತಲೆಯಾಡಿಸಿದಳು. ಅಮ್ಮನಿಗೆ ನಾಚಿಕೆಯಾಯಿತು. ನಾಲ್ಕನೆಯ ಉತ್ತರವೊಂದನ್ನು ಟೈಪ್ ಮಾಡಿದಳು: "ಒಂದು ಗಂಟೆ ಆಗುತ್ತೆ ಸಾರ್. ಅಷ್ಟರಲ್ಲಿ ಆಚೆ ಹೋಗಿ ಬನ್ನಿ."

"ಈಗ ನಿನ್ನ ಡೈಲಾಗ್ ತೆಗೆದುಬಿಡ್ತೀನಿ. ಐದು..." ಅಮ್ಮ ಅಲ್ಲಿಗೇ ತಡೆದು ಗಡಿಯಾರ ನೋಡಿದಳು. "ಬೇರೆ ಬರೀಬೇಕು. ಒಂದೂವರೆ ಗಂಟೆ ಆಗುತ್ತೆ ಪುಟ್ಟಿ. ಆಮೇಲೇ ಶಟಲ್."

ಒಂದೂವರೆ ಗಂಟೆ ಎಂದರೆ ಜಾಸ್ತಿಯೇ. ಸಿಟ್ಟು ಬರುತ್ತದೇನೋ ಎಂದು ಶಿವಾನಿ ಸ್ವಲ್ಪ ಹೊತ್ತು ಕಾದು ನೋಡಿದಳು. ಬರಲಿಲ್ಲ.

"ಸರಿ ಅಮ್ಮ," ಎಂದು ಚಪ್ಪಲಿ ಮೆಟ್ಟಿಕೊಂಡು ಭಾಗ್ಯಶ್ರೀಯ ಮನೆಗೆ ಹೊರಟಳು.