ಅರ್ಧ ಬುಕಿಂಗ್ ಎಲ್ಲಿ ಹೋದವು?

"ಆ ಲ್ಯಾಪ್‌ಟಾಪ್ ಮುಚ್ಚಬ್ಯಾಡ್ರಿ!"

ಅನುರಾಧಾಳ ದನಿಗೆ ಸಿದ್ದಲಿಂಗೇಶನ ಕೈ ಅಲ್ಲೇ ನಿಂತಿತು. ಗೋಳಗುಮ್ಮಟದ ಹತ್ತಿರದ ಆ ಸಣ್ಣ ಆಫೀಸಿನಲ್ಲಿ ಊಟದ ಹೊತ್ತಿಗೆ ಇವರಿಬ್ಬರೇ ಉಳಿದಿದ್ದರು.

ತಿಕೋಟಾದ ರೈತರು ಒಣದ್ರಾಕ್ಷಿ ಇಡಲು ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಬುಕ್ ಮಾಡುವ ವೆಬ್‌ಸೈಟ್ ಅವಳದೇ ಕೈಕೆಲಸ. ಬುಕಿಂಗ್ ಆದೊಡನೆ ಒಂದು ಮೆಸೇಜ್ ಕ್ಯೂನಲ್ಲಿ ಬಂದು ನಿಲ್ಲುತ್ತದೆ. ಅವಳು ಸ್ಪ್ರಿಂಗ್ ಸಾಫ್ಟ್‌ವೇರ್ ಬಳಸಿ ಬರೆದ ಲಿಸನರ್ ಎಂಬ ಪ್ರೋಗ್ರಾಂ ಅದನ್ನು ಎತ್ತಿಕೊಂಡು ಸ್ಟೋರೇಜಿಗೆ ತಿಳಿಸುತ್ತದೆ.

ಈ ವಾರ ಮಾತ್ರ ಅರ್ಧಕ್ಕರ್ಧ ಬುಕಿಂಗ್ ಮಾಯ! ಗಾಡಿ ತುಂಬಿಕೊಂಡು ಬಂದ ರೈತರು ಗೇಟಿನಲ್ಲಿ ಜಗಳಕ್ಕೆ ನಿಂತಿದ್ದರು.

'ಸಂಜಿಯೊಳಗ ಯಾರ ತಪ್ಪು ಅಂತ ಹೇಳವ್ವಾ. ಅವರನ್ನ ಮನಿಗೆ ಕಳಸ್ತೇನಿ,' ಎಂದಿದ್ದರು ಕೋಲ್ಡ್ ಸ್ಟೋರೇಜಿನ ಮಾಲಕ ಬಸಲಿಂಗಯ್ಯ.

ಅವಳ ಅನುಮಾನವೆಲ್ಲ ಇವನ ಮೇಲೆಯೇ. ಹೊಸದಾಗಿ ಸೇರಿದವನು. ಅವಳು ಹತ್ತಿರ ಬಂದರೆ ಸಾಕು, ಲ್ಯಾಪ್‌ಟಾಪ್ ಮುಚ್ಚುತ್ತಾನೆ. ಬಬಲೇಶ್ವರದಲ್ಲಿ ಇವನ ಸೋದರಮಾವನದೂ ಒಂದು ಕೋಲ್ಡ್ ಸ್ಟೋರೇಜ್ ಇದೆಯಂತೆ...

ಛೇ! ಇವನು ಚಹಾ ತಂದಿಟ್ಟಾಗಲೆಲ್ಲ ಕುಣಿಯುತ್ತಿದ್ದ ತನ್ನ ಎದೆಗೆ ನಾಚಿಕೆಯಾಗಬೇಕು!

"ನಮ್ಮ ಬುಕಿಂಗ್ ನಿಮ್ಮ ಮಾವಗ ಕೊಡಾಕತ್ತೀರಿ, ಹೌದಲ್ಲ?"

"ನಾನಾ?!" ಅವನ ಮುಖ ಬಿಳಿಚಿತು. ಸ್ಕ್ರೀನನ್ನೇ ಅವಳ ಕಡೆ ತಿರುಗಿಸಿದ.

ಅಲ್ಲಿ ಅವಳದೇ ಕೋಡ್. ಅವಳದೇ ಲಿಸನರ್. ಓಡುತ್ತಲೇ ಇದೆ!

"ಇದೆಲ್ಲಾ ಬರ್ತದ ಅಂತ ಹೇಳಿ ಕೆಲಸಕ್ಕ ಸೇರಿದ್ದೆರಿ. ಖರೇ ಅಂದ್ರ ಬರೂದಿಲ್ಲ. ನಿಮ್ಮ ಮುಂದ ದಡ್ಡ ಆಗಬಾರದಂತ ನಿಮ್ಮ ಕೋಡ್ ಇದರಾಗ ಹಚ್ಚಿ ಕದ್ದು ಕಲಿಯಾಕತ್ತಿದ್ದೆ. ಬಂದ ಮೆಸೇಜ್ ಬರೇ ಟೆಸ್ಟಿಂದು ಅನ್ಕೊಂಡಿದ್ದೆ..."

ಅನುರಾಧಾಳಿಗೆ ಈಗ ಹೊಳೆಯಿತು. ಆ ಕ್ಯೂನ ಒಂದು ಮೆಸೇಜ್ ಒಂದೇ ಲಿಸನರಿಗೆ. ಎರಡು ಲಿಸನರ್ ಕಾದು ಕೂತರೆ ಮೆಸೇಜುಗಳು ಹಂಚಿಹೋಗುತ್ತವೆ. ಅರ್ಧ ಅವಳ ಸರ್ವರಿಗೆ, ಅರ್ಧ ಇವನ ಲ್ಯಾಪ್‌ಟಾಪಿಗೆ! ಆದರೆ ಅಸಲಿ ಕ್ಯೂನ ವಿಳಾಸವನ್ನು ಕೋಡಿನಲ್ಲಿ ಹಾಗೇ ಬಿಟ್ಟವರು ಯಾರು?

ಅವಳೇ.

"ಬಂದಿದ್ದೆಲ್ಲಾ ಇದರಾಗ ಅದಾವ್ರಿ, ಒಂದೂ ಹೋಗಿಲ್ಲ." ಅವನು ಲಿಸನರ್ ನಿಲ್ಲಿಸಿದ. "ಮಾಲಕರಿಗೆ ನನ್ನ ಹೆಸರ ಹೇಳ್ರಿ. ನಿಮಗ ಕೆಟ್ಟ ಹೆಸರು ಬ್ಯಾಡ."

ಅವಳು ಆ ಬುಕಿಂಗ್‌ಗಳನ್ನೆಲ್ಲ ಸ್ಟೋರೇಜಿಗೆ ಕಳಿಸಿ ಫೋನ್ ಎತ್ತಿದಳು.

"ಕಾಕಾ, ಬುಕಿಂಗ್ ಎಲ್ಲಾ ಸಿಕ್ಕಾವ್ರಿ. ಅಸಲಿ ಕ್ಯೂ ವಿಳಾಸ ಕೋಡಿನ್ಯಾಗ ಹಂಗ ಬಿಟ್ಟಾಕಿ ನಾನರಿ, ತಪ್ಪು ನಂದು. ಮನಿಗೆ ಕಳಸೂದಾದ್ರ ನನ್ನ ಕಳಸ್ರಿ."

"ಸುಳ್ಳರಿ!" ಸಿದ್ದಲಿಂಗೇಶ ಫೋನಿಗೇ ಬಾಗಿ ಕೂಗಿದ. "ಆ ಕೋಡ್ ಹಚ್ಚಿದಾಂವ ನಾನು!"

ಆ ಕಡೆ ಬಸಲಿಂಗಯ್ಯ ಗದರಿದರು. "ಇಬ್ಬರೂ ಕೂಡಿ ತಿಕೋಟಾಕ್ಕ ಹೋಗಿ ರೈತರಿಗೆ ಕೈ ಮುಗೀರಿ. ನಾಳೆ ಬಂದು ಕೆಲಸ ನೋಡ್ರಿ."

ಫೋನಿಟ್ಟಾಗ ಅವಳ ಕಣ್ಣು ತುಂಬಿತ್ತು.

"ನಿಮ್ಮ ಮ್ಯಾಲ ಸಂಶಯ ಪಟ್ಟೆ... ಸಿಟ್ಟ ಬಂತೇನ್ರಿ?"

"ಬಂದಿತ್ತು. ಈಗ ಹೋತು."

"ಕಲಿಯೂದಿದ್ರ ನನ್ನ ಕೇಳಬೇಕಿತ್ತಲ್ಲ?"

"ಕೇಳಾಕಂತ ಬರ್ತಿದ್ದೆ. ನಿಮ್ಮ ಮುಖ ನೋಡಿ, ಚಹಾ ಇಟ್ಟು ವಾಪಸ್ ಹೋಗ್ತಿದ್ದೆ... ನೀವಂದ್ರ ನಂಗ ಭಾಳ ಇಷ್ಟರಿ."

ಅವಳು ತನ್ನ ಪಕ್ಕಕ್ಕೆ ಒಂದು ಕುರ್ಚಿ ಎಳೆದಿಟ್ಟಳು.

"ನಾಳೆಯಿಂದ ಇಲ್ಲೇ ಕುಂಡ್ರು. ನನ್ನ ಕಂಡು ಲ್ಯಾಪ್‌ಟಾಪ್ ಮುಚ್ಚಬ್ಯಾಡ."