ಬ್ಯಾಟರಿ ಇಲ್ಲದೆ ಬಡಿದ ಇಂಜೆಕ್ಟರ್

ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ಯಂತ್ರಗಳ ಪಕ್ಕದಲ್ಲೇ ನನ್ನ ಗ್ಯಾರೇಜು. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸೇಡಂನ ಭಾಗ್ಯಜ್ಯೋತಿ, ತೀರಿಕೊಂಡ ಅಣ್ಣ ಸಿದ್ಧಲಿಂಗನ ರೋಟರಿ ಇಂಜಿನ್ ಕಾರನ್ನು ಮೆಲ್ಲಗೆ ಓಡಿಸಿಕೊಂಡು ಬಂದಳು. ಅವನು ಅದಕ್ಕೆ ಗಾಳಿ ಒತ್ತಿ ತುಂಬಿ ಇಂಜಿನ್ನಿನ ಬಲ ಹೆಚ್ಚಿಸುವ ದೊಡ್ಡ ಟರ್ಬೊ ಕೂಡಿಸಿದ್ದ. ಅದಕ್ಕೆ ಸಾಲುವಷ್ಟು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಹಾಕುವ ಮೊದಲೇ ಜ್ವರ ಬಂದು ಹೋಗಿಬಿಟ್ಟ.

"ಅಣವೀರಣ್ಣ, ಅವ ಬಿಟ್ಟುಹೋದ ಕೆಲಸ ನೀವು ಮುಗಿಸಿಕೊಡ್ರಿ. ಹೈದರಾಬಾದಿನ ರೇಸಿನಾಗ ನಾನೇ ಓಡಸ್ತೀನಿ," ಅಂದಳು.

ಮಧ್ಯಾಹ್ನ ಕರೆಂಟು ಹೋಗಿ ಕಲ್ಲಿನ ಯಂತ್ರಗಳೆಲ್ಲ ನಿಂತವು. ಹೊಸ ಇಂಜೆಕ್ಟರುಗಳನ್ನು ಕೂಡಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ಆಗ ಅವುಗಳಲ್ಲಿ ಒಂದು ಟಿಕ್ ಟಿಕ್ ಎನ್ನತೊಡಗಿತು. ಬ್ಯಾಟರಿ ಇಲ್ಲದೆ ಅದು ಬಡಿಯುವುದಿಲ್ಲ. ಬ್ಯಾಟರಿಯನ್ನು ನಾನೇ ಬಿಚ್ಚಿ ನೆಲದ ಮೇಲಿಟ್ಟಿದ್ದೆ. ಆ ಇಂಜೆಕ್ಟರನ್ನು ಮುಟ್ಟಿದರೆ, ಉರಿಬಿಸಿಲಲ್ಲೂ, ಬಾವಿಯ ನೀರಿನಂತೆ ತಣ್ಣಗಿತ್ತು. ಉಳಿದವು ಕೈ ಸುಡುತ್ತಿದ್ದವು.

"ನಿಮಗೂ ಕೇಳ್ಸಲಿಕತ್ತದೇನ್ರಿ?" ಎಂದಳು ಭಾಗ್ಯಜ್ಯೋತಿ.

"ಹೌದವ್ವ."

ಅದನ್ನು ಬಿಚ್ಚಿ ನೋಡಿದೆ. ರಬ್ಬರ್ ರಿಂಗ್ ಹರಿದಿತ್ತು. ಹಾಗೇ ಓಡಿಸಿದ್ದರೆ ಕಾದ ಟರ್ಬೊ ಮೇಲೆ ಪೆಟ್ರೋಲ್ ಸೋರಿ, ಕಾರಿನ ಜೊತೆ ಅವಳೂ ಸುಟ್ಟುಹೋಗುತ್ತಿದ್ದಳು. ಬೇರೆ ರಿಂಗ್ ಹಾಕಿ ಕೂಡಿಸಿದ ಮೇಲೆ ಸದ್ದು ಬರಲಿಲ್ಲ.

ಬ್ಯಾಟರಿ ಜೋಡಿಸಿದೆ. ಬೆಳಿಗ್ಗೆ ಇಳಿದಾಗ ತಾನೇ ಹಾಕಿದ್ದ ಬಾಗಿಲಿನ ಬೀಗ ತೆಗೆದು ಅವಳು ಒಳಗೆ ಕೂತಳು. ಕಾಲು ಪೆಡಲ್ಲಿಗೆ ಎಟುಕಲಿಲ್ಲ. ಬೆಳಿಗ್ಗೆ ಅವಳೇ ಕೂತು ಓಡಿಸಿದ್ದ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಬೀಗದ ಕೈ ಅವಳ ಹತ್ತಿರ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಅಣ್ಣ ಭಾಳ ಎತ್ತರ ಇದ್ದನ್ರಿ," ಎಂದು ಸೀಟನ್ನು ಮುಂದಕ್ಕೆಳೆದು, ಕಾರು ಚಾಲೂ ಮಾಡಿದಳು.